ಮೊದಲು ತನ್ನನ್ನೇ ಕೇಳಿಕೊಳ್ಳುವ ಯಂತ್ರ

ವಿಜಯದಶಮಿಯ ಬೆಳಿಗ್ಗೆ ಅನು ಡೇರಿಯ ಬಾಗಿಲು ತೆಗೆದು, ಗೋಡೆಯ ಮೇಲಿನ ರಂಗನಾಥನ ಪಟಕ್ಕೆ ಕೈಮುಗಿದು, ಕಂಪ್ಯೂಟರಿನ ಗುಂಡಿ ಒತ್ತಿದಳು. ಒಳಗೆ ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಆಮೇಲೆ ಒಂದು ಕೂಗು. ಉದ್ದನೆಯ ಕೂಗು. ಸ್ವಲ್ಪ ನಿಂತು ಮತ್ತೆ ಅದೇ ಕೂಗು, ತಾಯಿಯನ್ನು ಮೇಯಲು ಹೊಡೆದು ಮನೆಯಲ್ಲಿ ಕಟ್ಟಿಹಾಕಿದ ಕರುವಿನ ಹಾಗೆ.

ಕ್ಯಾತನಹಳ್ಳಿ ದಾಟಿ ಕಬ್ಬಿನ ಗದ್ದೆಗಳ ನಡುವೆ ಒಂದು ಮೈಲಿ ನಡೆದರೆ ಆ ಕೊಪ್ಪಲು. ಅಲ್ಲಿ ಹೆಂಗಸರದೇ ಒಂದು ಹಾಲಿನ ಸೊಸೈಟಿ; ಊರಿನ ಬಾಯಲ್ಲಿ ಡೇರಿ. ಅನು ಅದರ ಸೆಕ್ರೆಟ್ರಿ. ಅವಳ ಸೋದರತ್ತೆ ಮಾಯಮ್ಮ ಅಧ್ಯಕ್ಷೆ. ತಂದ ಹಾಲಿಗೆ ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುವ ಮಿಷನ್ನು ಈ ಕಂಪ್ಯೂಟರಿಗೇ ಜೋಡಣೆಯಾಗಿತ್ತು. ಇದು ಏಳದಿದ್ದರೆ ಅದೂ ಏಳದು. ಅವತ್ತು ಹೇಗೋ ಹಳೇ ಲ್ಯಾಕ್ಟೋಮೀಟರು ಹುಡುಕಿ, ಕೈಯಲ್ಲೇ ಬರೆದುಕೊಂಡು, ಅತ್ತೆ ಸೊಸೆ ಇಬ್ಬರೂ ಹಾಲು ಹಾಕಿಸಿಕೊಂಡರು. ಕೊನೇ ಕ್ಯಾನಿನ ಹೊತ್ತಿಗೆ ಆ ಗಾಜಿನ ಕಡ್ಡಿಯೂ ಅತ್ತೆಯ ಕೈಜಾರಿ ಪುಡಿಯಾಯಿತು.

ಹನ್ನೊಂದು ಗಂಟೆಗೆ ಒಬ್ಬ ಹುಡುಗ ಬೈಕು ನಿಲ್ಲಿಸಿ ಜಗಲಿ ಹತ್ತಿದ. ಹಣೆಯಲ್ಲಿ ತೆಳ್ಳನೆ ವಿಭೂತಿ. ಕೈಯಲ್ಲಿ ಹಿತ್ತಾಳೆ ಕಟ್ಟು ಹಾಕಿದ ಸಣ್ಣ ಮರದ ಪೆಟ್ಟಿಗೆ.

"ಮದ್ವೆ ಮನೆ ಇದಲ್ಲ ಕಣ್ರೀ," ಅಂದಳು ಅನು. "ನಂಜಪ್ಪನೋರ ಮನೆ ಹಿಂದಿನ ಬೀದಿ. ತಾಳಿ ಮಾಡೋಕೆ ಆಚಾರ್ರು ಬರ್ತಾರೆ ಅಂತ ಕಾಯ್ತಾವ್ರೆ."

"ನಾನು ಕಂಪ್ಯೂಟರ್ ರಿಪೇರಿಗೆ ಬಂದೋನು. ಮಾಯಮ್ಮನೋರು ಫೋನು ಮಾಡಿದ್ರು."

ಅವಳು ಪೆಟ್ಟಿಗೆ ನೋಡಿದಳು, ಅವನನ್ನು ನೋಡಿದಳು, ಮತ್ತೆ ಪೆಟ್ಟಿಗೆ ನೋಡಿದಳು.

"ನಮ್ಮಜ್ಜಂದು ಇದು," ಅಂದ ಅವನು, ತಪ್ಪು ಒಪ್ಪಿಕೊಂಡವನ ಹಾಗೆ. "ಅಪ್ಪ ಶ್ರೀರಂಗಪಟ್ಟಣದಲ್ಲಿ ಇನ್ನೂ ಚಿನ್ನದ ಕೆಲಸಾನೇ ಮಾಡ್ತಾರೆ. ನಾನು ಪಾಂಡವಪುರದಲ್ಲಿ ಅಂಗಡಿ ಇಟ್ಟು ಇದನ್ನ ಮಾಡ್ತೀನಿ. ಚಿಮಟ ಅದೇ, ಬ್ರಷ್ಷು ಅದೇ, ಭೂತಗನ್ನಡಿ ಅದೇ. ನನ್ನೆಸರು ಮೌನೇಶ್."

ಅವನು ಕೆಲಸಕ್ಕೆ ಕೂರುವ ಮೊದಲು ಪೆಟ್ಟಿಗೆಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡ. ಗುಂಡಿ ಒತ್ತಿ, ಕತ್ತು ಓರೆ ಮಾಡಿ ಕೂಗು ಕೇಳಿದ. ವೈರು ಕಿತ್ತು, ಪಕ್ಕದ ತಗಡು ತೆಗೆದ. ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದ. ಅದರ ಅಂಚಿನುದ್ದಕ್ಕೂ ಸಾಲು ಸಾಲಾಗಿ ಅರಿಶಿನ, ಅರಿಶಿನದ ಮೇಲೆ ಕುಂಕುಮ.

"ಇದಕ್ಕೆ ಪೂಜೆ ಮಾಡಿದೋರು ಯಾರು?"

"ನಾನೇ," ಅಂದಳು ಅನು. "ನಿನ್ನೆ ಆಯುಧಪೂಜೆ ಅಲ್ವಾ? ಹೊರಗಿನ ಡಬ್ಬಕ್ಕೆ ಹೂವು ಇಟ್ಟು, ಒಳಗೆ ದುಡಿಯೋರನ್ನ ಹಂಗೇ ಬುಟ್ಟರೆ ಸರೀನಾ? ಅದಕ್ಕೆ ಬಿಚ್ಚಿ, ಧೂಳು ಒರೆಸಿ, ಒಬ್ಬೊಬ್ಬರಿಗೂ ಇಟ್ಟೆ. ಇದ್ರ ಅಂಚು ಹೊಳೀತಿತ್ತು. ಇವರೇ ಮುಖ್ಯಸ್ಥರಿರಬೇಕು ಅಂತ ಇವರಿಗೆ ಸ್ವಲ್ಪ ಜಾಸ್ತಿ."

ಅವನು ನಗುತ್ತಾನೆ ಅಂದುಕೊಂಡಿದ್ದಳು. ನಗಲಿಲ್ಲ. ಆ ಪಟ್ಟಿಯನ್ನೇ ನೋಡುತ್ತಾ, "ಹೊಳೆಯೋದು ಚಿನ್ನವೇ," ಅಂದ. "ಗುಲಗಂಜಿಯಷ್ಟೂ ಇಲ್ಲ, ಬರೀ ಲೇಪ. ಇದು ಮೆಮೊರಿ. ಆ ಚಿನ್ನದ ಸಾಲಲ್ಲೇ ಇದು ಮಿಕ್ಕೋರ ಜೊತೆ ಮಾತಾಡೋದು. ನೀವು ಬಾಯಿಗೇ ಕುಂಕುಮ ತುಂಬಿಬಿಟ್ಟಿದ್ದೀರ."

ಅನುವಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವಳಿಗೆ ಆದದ್ದು ಕುತೂಹಲ.

"ಹಂಗಾರೆ ಕೂಗ್ತಿದ್ದದ್ದು ಯಾರು? ಇದಾ?"

"ಇದು ಸಿಗಲಿಲ್ಲ ಅಂತ ಇನ್ನೊಬ್ಬರು ಕೂಗ್ತಿದ್ರು."

ಅವನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಅಂಚನ್ನು ತಿಕ್ಕತೊಡಗಿದ. ಒತ್ತಡವಿಲ್ಲ, ಆತುರವಿಲ್ಲ. ಮಗುವಿನ ತುಟಿ ಒರೆಸುವಷ್ಟು ಹಗುರ. ತಿಕ್ಕುತ್ತಲೇ ಹೇಳಿದ. ಗುಂಡಿ ಒತ್ತಿದ ಕೂಡಲೇ ಯಂತ್ರ ಕೆಲಸಕ್ಕೆ ಇಳಿಯೋದಿಲ್ಲ. ಕರೆಂಟು ನೆಟ್ಟಗೆ ನಿಂತಿದೆ ಅಂತ ಮೊದಲು ಪವರ್ ಸಪ್ಲೈ ಸನ್ನೆ ಮಾಡಬೇಕು. ಆಗ ಪ್ರೊಸೆಸರು ಕಣ್ಣು ಬಿಡುತ್ತದೆ. ಅದಕ್ಕೆ ಆ ಹೊತ್ತಿನಲ್ಲಿ ಏನೂ ಗೊತ್ತಿರೋದಿಲ್ಲ; ಒಂದು ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟ ಪಾಠವನ್ನು ಓದುತ್ತದೆ. ಓದುತ್ತಾ ಒಬ್ಬೊಬ್ಬರನ್ನೇ ಕೇಳುತ್ತದೆ. ಮೆಮೊರಿ, ಇದ್ದೀಯಾ? ಪರದೆಗೆ ಚಿತ್ರ ಕಳಿಸೋನೇ, ಇದ್ದೀಯಾ? ಕೀಬೋರ್ಡೇ? ಡಿಸ್ಕೇ?

"ಎಲ್ಲಾ ಸೆಕೆಂಡಿನೊಳಗೆ," ಅಂದ. "ನಮ್ಮಪ್ಪ ಸಂಧ್ಯಾವಂದನೆಗೆ ಕೂತಾಗ ಜಪಕ್ಕೆ ಮುಂಚೆ ಎದೆ ಮುಟ್ಕೋತಾರೆ, ತಲೆ ಮುಟ್ಕೋತಾರೆ, ಕಣ್ಣು ಮುಟ್ಕೋತಾರೆ. ಅಂಗನ್ಯಾಸ ಅಂತಾರೆ. ಮೈಯೆಲ್ಲಾ ಇಲ್ಲೇ ಇದೆಯಾ ಅಂತ ನೋಡಿಕೊಂಡ ಹಾಗೆ. ನನಗೆ ಇದನ್ನ ಕಂಡಾಗೆಲ್ಲ ಅದೇ ನೆನಪಾಗುತ್ತೆ."

"ಪರದೆ ಮೇಲೆ ಬರೀಬಾರ್ದಾ, ಮೆಮೊರಿ ಇಲ್ಲ ಅಂತ? ಯಾಕೆ ಕೂಗಬೇಕು?"

ಅವನ ಕೈ ನಿಂತಿತು. ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಒಳ್ಳೆಯ ಪ್ರಶ್ನೆ ಕೇಳಿಸಿಕೊಂಡವರ ಮುಖ ಹೇಗೆ ಅರಳುತ್ತದೆ ಅನ್ನುವುದನ್ನು ಅನು ಅವತ್ತು ಕಂಡಳು. ಮೊದಲು ಹುಬ್ಬು, ಆಮೇಲೆ ಕಣ್ಣು, ತುಟಿ ಎಲ್ಲಕ್ಕಿಂತ ಕೊನೆಗೆ.

"ಪರದೆ ಇನ್ನೂ ಎದ್ದೇ ಇರಲ್ವಲ್ಲ. ಮುಖ ತೋರಿಸೋ ಮೊದಲು ಅದಕ್ಕೆ ಇರೋದು ದನಿ ಒಂದೇ."

ಪಟ್ಟಿಯನ್ನು ಮತ್ತೆ ಅದರ ಸಂದಿನಲ್ಲಿ ಕೂರಿಸಿದಾಗ ಎರಡು ಕಡೆಯೂ ಕಟಕ್ ಎಂದು ಕೊಂಡಿ ಬಿತ್ತು. ಗುಂಡಿ ಒತ್ತಿದ. ಒಂದೇ ಒಂದು ಚಿಕ್ಕ ಸದ್ದು ಬಂದು ಪರದೆ ಬೆಳಗಿತು.

"ಇದೇನಂತು ಈಗ?"

"ಎಲ್ಲಾರೂ ಇದ್ದೀವಿ ಅಂತು."

*

ಅವತ್ತಿನಿಂದ ಅನುವಿಗೆ ಬೆಳಗಿನ ಆ ಅರೆ ಕ್ಷಣವೇ ಹಬ್ಬವಾಯಿತು. ಗುಂಡಿ ಒತ್ತಿ ಕಿವಿಗೊಡುವಳು. ಮನಸ್ಸಿನಲ್ಲಿ ಪ್ರಶ್ನೆಗಳು ನಾಟಿಯಾದ ಪೈರಿನ ಹಾಗೆ ಏಳುತ್ತಿದ್ದವು. ಕೇಳುವವನನ್ನು ಕೇಳುವವರು ಯಾರು? ಆ ಪಾಠದ ಚಿಪ್ಪೇ ಕೆಟ್ಟರೆ? ಕರೆಂಟಿಲ್ಲದ ರಾತ್ರಿಯಲ್ಲೂ ಅದಕ್ಕೆ ತಾರೀಖು ಹೇಗೆ ನೆನಪಿರುತ್ತದೆ? ಫೋನು ಮಾಡಿದರೆ ಮೌನೇಶ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದ. ಆ ಕಡೆ ಗಿರಾಕಿಗಳ ಗಲಾಟೆ. ಅವಳಿಗೆ ಬೇಕಾಗಿದ್ದು ಆ ಅರಳುವ ಮುಖ. ಅದು ಫೋನಿನಲ್ಲಿ ಬರುವುದಿಲ್ಲ.

ಕಾರಣವಿಲ್ಲದೆ ಒಬ್ಬ ಹುಡುಗನನ್ನು ಊರಿಗೆ ಕರೆಸುವುದು ಹೇಗೆ? ಅವಳೋ ಗೌಡರ ಮನೆ ಹುಡುಗಿ, ಅವನೋ ಆಚಾರ್ರ ಮಗ. ಜಗಲಿಯ ತುಂಬ ಹೆಂಗಸರ ಕಣ್ಣು.

ಎರಡನೇ ವಾರ ಕೀಬೋರ್ಡು ಕೆಟ್ಟಿತು.

ಮೌನೇಶ ಬಂದಾಗ ಪರದೆ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ಅನು ಬೆರಳಿಟ್ಟು ಓದಿ ಹೇಳಿದಳು: "ಕೀಬೋರ್ಡು ಇಲ್ಲವಂತೆ. ಮುಂದಕ್ಕೆ ಹೋಗಬೇಕಾದ್ರೆ ಎಫ್-ಒಂದು ಒತ್ತಬೇಕಂತೆ. ಕೀಬೋರ್ಡೇ ಇಲ್ದಿರೋವಾಗ ಏನನ್ನ ಒತ್ತೋದು ರೀ? ನಿಮ್ಮ ಯಂತ್ರಕ್ಕೆ ಬುದ್ಧಿ ಇದೆಯಾ?"

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ ಅನ್ನುವುದು ಅವಳಿಗೆ ಹೊಸ ಸಂಗತಿ.

"ಬರೆದೋನಿಗೆ ಆಸೆ ಇತ್ತು ಅಂತ ಕಾಣುತ್ತೆ," ಅಂದ. "ಅಷ್ಟರಲ್ಲಿ ಯಾರಾದ್ರೂ ಬಂದು ಸಿಗಿಸ್ತಾರೆ ಅಂತ."

ಹಿಂದೆ ಬಗ್ಗಿ ವೈರು ನೋಡಿದ. ತೂತಿನಿಂದ ಅರ್ಧ ಬೆರಳಷ್ಟು ಹೊರಗೆ ಬಂದು ನಿಂತಿತ್ತು.

"ಇಲಿ ಎಳೆದಿರಬೇಕು," ಅಂದಳು ಅನು, ರಂಗನಾಥನ ಪಟದ ಕಡೆ ನೋಡುತ್ತಾ.

"ಒಳ್ಳೇ ಇಲಿ. ಒಂದು ಹಲ್ಲಿನ ಗುರುತೂ ಇಲ್ಲ."

"ನಮ್ಮೂರ ಇಲಿಗಳೇ ಹಂಗೆ. ಮರ್ಯಾದಸ್ಥರು."

ಅವನು ತಿರುಗಿದ. ಅವಳೂ ತಿರುಗಿದಳು. ಎರಡು ನೋಟಗಳು ಒಂದೇ ಬಾಗಿಲಲ್ಲಿ ಎದುರಾದವರ ಹಾಗೆ ಡಿಕ್ಕಿ ಹೊಡೆದು, ದಾರಿ ಬಿಟ್ಟುಕೊಡಲು ಹೋಗಿ ಮತ್ತೆ ಡಿಕ್ಕಿ ಹೊಡೆದವು. ಮೌನೇಶ ವೈರು ಸಿಗಿಸಿದ. ಸಿಗಿಸಲು ಒಂದು ಕ್ಷಣ ಸಾಕು. ಅವನು ಮುಕ್ಕಾಲು ಗಂಟೆ ಕೂತ.

ಅವಳು ಕೇಳುತ್ತಾ ಹೋದಳು, ಅವನು ತೋರಿಸುತ್ತಾ ಹೋದ. ನಾಲ್ಕಾಣೆ ಬಿಲ್ಲೆಯಂಥ ಒಂದು ಬ್ಯಾಟರಿ. ಎಲ್ಲರೂ ಮಲಗಿದಾಗಲೂ ಹೊತ್ತು ಎಣಿಸುತ್ತಾ ಎಚ್ಚರ ಇರುವುದು ಅದೊಂದೇ. ಫ್ಯಾನಿನ ಕೆಳಗೆ ಬಿಸಿಯಾಗುವ ಪ್ರೊಸೆಸರು.

"ಒಂದು ವೇಳೆ ಅದು ಸುಳ್ಳು ಹೇಳಿದ್ರೆ?" ಅಂದಳು ಅನು. "ಒಳಗೆ ಯಾರೋ ಇಲ್ಲ, ಆದ್ರೂ ಎಲ್ಲಾ ಸರಿಗವ್ರೆ ಅಂತ ಹೇಳ್ಬುಟ್ಟು ಶುರು ಮಾಡಿದ್ರೆ?"

"ಶುರು ಆಗುತ್ತೆ. ನಡುಮಧ್ಯೆ ಕೈಕೊಡುತ್ತೆ. ಆಗ ನಿಮ್ಮ ಹಾಲು ಬರೆಸಿಕೊಂಡಿದ್ದೂ ಹೋಗುತ್ತೆ, ಕಾದೋರ ಹೊತ್ತೂ ಹೋಗುತ್ತೆ. ಅದಕ್ಕೇ ಮೊದಲೇ ಹೇಳೋದು. ಹೇಳೋಕೆ ನಾಚಿಕೆ ಪಟ್ಟುಕೊಳ್ಳದ ಯಂತ್ರ ಇದು."

ಹೇಳಿ ಅವನು ತಲೆ ತಗ್ಗಿಸಿದ. ಪೆಟ್ಟಿಗೆಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ. ಏನೋ ಹೇಳುವವನಿದ್ದ. ಅಷ್ಟರಲ್ಲಿ ಮಾಯಮ್ಮ ಬಂದು, "ಏನಪ್ಪಾ ಮೌನೇಸ, ಇನ್ನೂ ಆಗ್ಲಿಲ್ವಾ?" ಅಂದಳು.

"ಆಯ್ತಮ್ಮ," ಅಂದ ಅವನು.

*

ಮೂರನೇ ಸಲ ಅನು ಕೈ ಹಾಕಿದ್ದು ಮೆಮೊರಿಗೆ. ಕಾರ್ತಿಕದ ಎರಡನೇ ಸೋಮವಾರಕ್ಕೆ ಮುಂಚಿನ ಸಂಜೆ, ಹಾಲೆಲ್ಲಾ ಮುಗಿದ ಮೇಲೆ, ತಗಡು ತೆಗೆದು ಒಂದು ಕಡೆಯ ಕೊಂಡಿ ಸಡಿಲಿಸಿದಳು. ಬೆಳಿಗ್ಗೆ ಆರಕ್ಕೆ ಕೂಗುತ್ತದೆ, ಫೋನು ಮಾಡಿದರೆ ಅರ್ಧ ಗಂಟೆಗೆ ಬರುತ್ತಾನೆ, ಏಳಕ್ಕೆ ಹಾಲು ಶುರು. ಅವಳ ಎಣಿಕೆ ಅಷ್ಟು ಸಲೀಸಾಗಿತ್ತು.

"ನಾನು ನಾಗಮಂಗಲದಲ್ಲಿದ್ದೀನಲ್ಲಾ ಅನು ಅವ್ರೇ," ಅಂದ ಮೌನೇಶ ಫೋನಿನಲ್ಲಿ. "ನಿನ್ನೆ ಅಕ್ಕನ ಮನೆಗೆ ಬಂದೆ. ಬೈಕು ಭಾವ ತಗೊಂಡು ಹೋಗಿದ್ದಾರೆ, ಬಂದ ಕೂಡಲೇ ಹೊರಡ್ತೀನಿ. ಆದ್ರೂ ಎಂಟೂವರೆ ಆಗುತ್ತೆ."

ಎಂಟಕ್ಕೆ ಹಾಲಿನ ಲಾರಿ ಬಂದು ಹೋಗುತ್ತದೆ.

ಅನು ಬಾಗಿಲು ಒರಗಿಸಿ ತಾನೇ ತಗಡು ಬಿಚ್ಚಿದಳು. ಪಟ್ಟಿ ಪೂರ್ತಿ ಎತ್ತಿ ಮತ್ತೆ ಕೂರಿಸಲು ಹೋದಳು. ತಿರುವು ಮುರುವಾಯಿತು, ಒಳಗೆ ಹೋಗಲಿಲ್ಲ. ತಿರುಗಿಸಿ ಒತ್ತಿದಳು. ಒಂದು ಕಡೆ ಕೊಂಡಿ ಬಿತ್ತು, ಇನ್ನೊಂದು ಕಡೆ ಬೀಳಲಿಲ್ಲ. ಜೋರಾಗಿ ಒತ್ತಿದರೆ ಮುರಿದೀತು ಎಂಬ ಭಯ. ಬಾಗಿಲಾಚೆ ಆಗಲೇ ಕ್ಯಾನುಗಳ ಸದ್ದು. ಗುಂಡಿ ಒತ್ತಿದಳು. ಉದ್ದನೆಯ ಕೂಗು.

ಹೆಂಗಸರು ಜಗಲಿ ತುಂಬಿದರು. ಒಡೆದ ಲ್ಯಾಕ್ಟೋಮೀಟರಿಗೆ ಬದಲು ಇನ್ನೂ ಬಂದಿರಲಿಲ್ಲ. ಡಿಗ್ರಿ ನೋಡದೆ ಹಾಲು ಒಟ್ಟು ಮಾಡುವ ಹಾಗಿಲ್ಲ. ಎಂಟಕ್ಕೆ ಲಾರಿ ಬಂತು, ಹತ್ತು ನಿಮಿಷ ನಿಂತಿತು, ಹಾರನ್ನು ಹೊಡೆದು ಹೋಯಿತು. ಹತ್ತಿರದ ಮನೆಯವರು ಗೊಣಗುತ್ತಾ ಹಾಲು ವಾಪಸು ಒಯ್ದರು. ಮಿಕ್ಕವರು ಏನಾಗುತ್ತದೆ ನೋಡೋಣ ಎಂದು ಕೂತರು.

ಅಣ್ಣಮ್ಮ ಕೂಡ ಕೂತಳು. ಗಂಡನಿಲ್ಲದ ಮುದುಕಿ, ಒಂದೇ ಹಸು, ಮನೆ ತೋಟದ ಆಚೆ ನಾಲೆ ಪಕ್ಕ. ನಾಲ್ಕಕ್ಕೇ ಎದ್ದು ಕರೆದ ಹಾಲು. ಬಿಸಿಲು ಜಗಲಿಗೆ ಏರಿದಾಗ ಅವಳು ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದಳು. ಎದ್ದು ಹೋಗಿ ಹಾಲನ್ನು ತೆಂಗಿನ ಬುಡಕ್ಕೆ ಸುರಿದು ಬಂದು ಅದೇ ಜಾಗದಲ್ಲಿ ಕೂತಳು.

ಆ ಬಿಳಿ ನೊರೆ ಮಣ್ಣಿನಲ್ಲಿ ಇಂಗುವುದನ್ನು ಅನು ಕಿಟಕಿಯಿಂದ ನೋಡಿದಳು.

ಮೌನೇಶ ಬಂದಾಗ ಒಂಬತ್ತು. ಬೈಕಿನ ಧೂಳು ಅವನ ರೆಪ್ಪೆಯ ಮೇಲಿತ್ತು. ತಗಡು ತೆಗೆದು ನೋಡಿದ. ಪಟ್ಟಿ ಓರೆಯಾಗಿ ಕೂತಿತ್ತು, ಒಂದು ಕೊಂಡಿ ಬಾಯಿ ತೆರೆದಿತ್ತು. ಚಿನ್ನದ ಸಾಲಿನ ಮೇಲೆ ಬೆವರಿದ ಬೆರಳುಗಳ ಗುರುತು, ಒಂದಲ್ಲ, ನಾಲ್ಕೈದು. ಅವನು ಆ ಗುರುತುಗಳನ್ನು ನೋಡಿದ. ಅನುವನ್ನು ನೋಡಲಿಲ್ಲ. ಒರೆಸಿ, ಕೂರಿಸಿ, ಗುಂಡಿ ಒತ್ತಿದ. ಯಂತ್ರ ಎದ್ದಿತು.

ಮಾಯಮ್ಮ ಸೊಂಟಕ್ಕೆ ಸೆರಗು ಸಿಗಿಸಿ ಬಾಗಿಲಲ್ಲಿ ನಿಂತಿದ್ದಳು. "ಏನಾಗಿತ್ತಪ್ಪಾ?"

"ಅದೇ ಮೆಮೊರಿನಮ್ಮ."

"ದಸರಾದಲ್ಲೂ ಅದೇ ಅಂದೆ. ಒಂದು ತಿಂಗಳಲ್ಲಿ ಮೂರು ಸಲ. ನೀನು ಮಾಡಿದ್ದು ಯಾಕೆ ನಿಲ್ತಿಲ್ಲ?"

ಮೌನೇಶ ರಬ್ಬರನ್ನು ಪೆಟ್ಟಿಗೆಯೊಳಗಿಟ್ಟ. "ನನ್ನ ಕೈ ತಪ್ಪಮ್ಮ. ಅವತ್ತು ಸರಿಯಾಗಿ ಕೂರಿಸಿರಲಿಲ್ಲ."

"ಹಂಗಂದ್ರೆ ಹೆಂಗಪ್ಪಾ? ಹೆಂಗಸರ ಹಾಲು ಮಣ್ಣುಪಾಲಾಯ್ತಲ್ಲ." ಅವಳ ದನಿ ಏರಲಿಲ್ಲ, ಏರದಿದ್ದದ್ದೇ ಗಟ್ಟಿಯಾಗಿತ್ತು. "ನಾಳೆಯಿಂದ ನೀ ಬರಬ್ಯಾಡ. ಮೈಸೂರವ್ರನ್ನ ಕರೆಸ್ತೀವಿ. ದಸರಾ ಆದ್ಮೇಲೆ ಸುತ್ತ ಏಳು ಸೊಸೈಟಿಗೂ ನಾನೇ ಹೇಳಿ ನಿನ್ನ ಹಾಕಿಸಿದ್ದೆ. ಅವರಿಗೂ ನಾನೇ ಹೇಳಬೇಕಾಗ್ತದೆ."

"ಹೂಂ," ಅಂದ ಮೌನೇಶ. ಅಷ್ಟೇ.

ಏಳು ಸೊಸೈಟಿ ಹೋದರೆ ಅವನ ಅಂಗಡಿಯ ಮುಕ್ಕಾಲು ಕೆಲಸ ಹೋದಂತೆ. ಅದಕ್ಕಿಂತ ಹೆಚ್ಚಾಗಿ, ಕೈಗುಣವನ್ನೇ ನಂಬಿ ಬದುಕುವ ಮನೆತನದವನು ತನ್ನ ಕೈ ಕೆಟ್ಟದ್ದು ಎಂದು ಇಷ್ಟು ಜನರೆದುರು ಒಪ್ಪಿಕೊಂಡು ಹೋಗುತ್ತಿದ್ದ. ಪೆಟ್ಟಿಗೆ ಎತ್ತಿಕೊಂಡ.

ಅನು ತನ್ನೊಳಗೆ ತಾನೇ ಕೇಳಿಕೊಂಡಳು. ಎದೆಯೇ, ಇದ್ದೀಯಾ? ನಾಲಿಗೆಯೇ, ಇದ್ದೀಯಾ?

"ಅತ್ತೆ," ಅಂದಳು. "ಅವರ ಕೈ ತಪ್ಪಲ್ಲ. ಕಿತ್ತೋಳು ನಾನು."

ಮಾಯಮ್ಮ ಅವಳ ಕಡೆ ತಿರುಗಿದಳು.

"ಏನಂದೆ?"

"ಕೀಬೋರ್ಡ್ ವೈರು ಎಳೆದಿದ್ದೂ ನಾನೇ. ನಿನ್ನೆ ಸಂಜೆ ಇದನ್ನ ಸಡಿಲ ಮಾಡಿದ್ದೂ ನಾನೇ. ಅಣ್ಣಮ್ಮಜ್ಜೀ, ನಿಮ್ಮ ಹಾಲು ಕೆಡಿಸಿದ್ದು ನಾನು."

ಅಣ್ಣಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಯಾಕವ್ವಾ? ಚೆನ್ನಾಗಿರೋದನ್ನ ಯಾರಾದ್ರೂ ಕೀಳ್ತಾರಾ?"

ಅನುವಿನ ಕಣ್ಣು ಅವಳನ್ನು ಕೇಳದೆ ಹೋಗಿ ಮೌನೇಶನ ಮೇಲೆ ಕೂತಿತು. ಅವನ ಕಿವಿ ಎರಡೂ ಕೆಂಪಾದವು.

ಮೂಲೆಯಿಂದ ಯಾರೋ ಕಿಸಕ್ಕೆಂದರು. ರಮ್ಯ, ಹೋದ ವರ್ಷ ಮದುವೆಯಾಗಿ ಬಂದ ಸೊಸೆ. "ಅಯ್ಯೋ ಅಕ್ಕಾ, ಕೆಟ್ಟಿರೋದು ಕಂಪೂಟ್ರಲ್ಲ ಬುಡಿ," ಅಂದಳು. ನಗು ಜಗಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯಿತು.

ಮಾಯಮ್ಮ ನಗಲಿಲ್ಲ. ಮೌನೇಶನ ಎದುರು ಬಂದು ನಿಂತಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ. ಆ ವೈರು ತಾನಾಗೇ ಬರೋ ಅಂಥದ್ದಲ್ಲ."

"ಮತ್ತೆ ಯಾಕೆ ಬಾಯಿ ಮುಚ್ಕೊಂಡಿದ್ದೆ? ಈಗ್ಲೂ ತಪ್ಪು ನಂದು ಅಂದ್ಯಲ್ಲಾ?"

ಅವನು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿದ. "ಹೇಳಿದ್ರೆ ಇವರು ಕೀಳೋದು ನಿಲ್ಲಿಸ್ತಿದ್ರು," ಅಂದ. "ಆಮೇಲೆ ನಾನು ಏನಂತ ಬರಲಿ?"

ಮಾಯಮ್ಮ ಬಾಗಿಲ ಚೌಕಟ್ಟಿಗೆ ಒರಗಿದಳು. ಅನುವಿನ ಮುಖ ನೋಡಿದಳು. ಅದರಲ್ಲಿ ಅವಳಿಗೆ ಏನು ಕಂಡಿತೋ, ಸೆರಗಿನಿಂದ ತನ್ನ ಕುತ್ತಿಗೆ ಒರೆಸಿಕೊಂಡಳು.

"ಜಾತಿ, ಮನೆತನ, ಅದು ನಿಮ್ಮಪ್ಪನ ಹತ್ರ ಆಡೋ ಮಾತು. ನಾ ಏನೂ ಹೇಳಾಕಿಲ್ಲ," ಅಂದಳು. "ಡೇರಿ ಮಾತು ಡೇರಿಲೇ ಮುಗೀಲಿ. ಅಣ್ಣಮ್ಮಾ, ನಷ್ಟ ಆದದ್ದು ನಿಂಗೆ. ಏನು ಮಾಡಾನ ಇವಳ್ನ?"

ಅಣ್ಣಮ್ಮ ಖಾಲಿ ಕ್ಯಾನನ್ನು ಮಡಿಲಲ್ಲಿ ತಿರುಗಿಸುತ್ತಾ ಯೋಚಿಸಿದಳು. "ಒಂದು ವಾರ ನನ್ನ ಹಸು ಕರೀಲಿ. ನನ್ನ ಬೆರಳು ಇತ್ತೀಚೆಗೆ ಮಡಚಾಕಿಲ್ಲ."

"ಇವನು?"

"ನಮ್ಮನೆಯಿಂದ ಡೇರಿಗೆ ಅರ್ಧ ಮೈಲಿ. ಕ್ಯಾನು ಹೊರೋರು ಬೇಡ್ವಾ?"

*

ಮಾರನೇ ಬೆಳಿಗ್ಗೆ ಐದೂವರೆಗೆ ನಾಲೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅನು ಅಣ್ಣಮ್ಮನ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೆಚ್ಚಲು ತೊಳೆಯುತ್ತಿದ್ದಳು. ಬೈಕಿನ ಸದ್ದು ಕೇಳಿತು. ಮೌನೇಶ ಬಂದು ಕಂಬದ ಆಚೆಯೇ ನಿಂತ. ಹಸು ಒಮ್ಮೆ ತಲೆ ಒದರಿದ್ದಕ್ಕೆ ಇನ್ನೂ ಒಂದು ಹೆಜ್ಜೆ ಹಿಂದೆ ಹೋದ.

"ಹಸು ಅಂದ್ರೆ ಭಯಾನಾ?" ಅಂದಳು ಅನು, ತಿರುಗದೆ.

"ಇದಕ್ಕೆ ಗುಂಡಿ ಎಲ್ಲಿದೆ ಅಂತ ಗೊತ್ತಿಲ್ಲ."

ಹಾಲಿನ ಧಾರೆ ಬಕೆಟ್ಟಿನ ತಳಕ್ಕೆ ಬಡಿದು ಸರ್ ಸರ್ ಎಂದಿತು.

"ನಿನ್ನೆ ಅಪ್ಪನ ಹತ್ರ ಹೇಳಿದೆ," ಅಂದ ಅವನು.

ಧಾರೆ ನಿಂತಿತು. "ಏನಂದ್ರು?"

"ಊದುಗೊಳವೆ ಕೆಳಗಿಟ್ಟರು. ಕೆಲಸದ ನಡುವೆ ಅವರು ಅದನ್ನ ಇಟ್ಟಿದ್ದು ನಾನು ನೋಡಿಲ್ಲ. 'ಆ ಹುಡುಗಿ ತನ್ನ ತಪ್ಪು ಎಲ್ಲಾರ ಮುಂದೆ ತಾನೇ ಹೇಳಿದ್ಲಾ?' ಅಂದ್ರು. ಹೂಂ ಅಂದೆ. 'ಸೋಮವಾರ ಹೋಗಿ ಕೇಳ್ಕೊಂಡು ಬರಾನ' ಅಂದ್ರು."

ಅನು ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತೇ ಇದ್ದಳು. ಹಸು ಅವಳ ಭುಜವನ್ನು ಬಾಲದಿಂದ ತಟ್ಟಿತು.

"ನಮ್ಮಪ್ಪ ಒಪ್ಪಲಿಲ್ಲ ಅಂದ್ರೆ?"

"ಇನ್ನೊಂದು ಸಲ ಬರ್ತೀವಿ."

"ಆಗ್ಲೂ ಬ್ಯಾಡ ಅಂದ್ರೆ?"

"ನೀವು ಕರೆದಾಗೆಲ್ಲ ನಾನು ಬಂದೆನಲ್ಲಾ ಅನು. ಒಂದು ಸಲಾನಾದ್ರೂ ಯಾಕೆ ಅಂತ ಕೇಳಿದ್ನಾ?"

'ಅನು ಅವ್ರೇ' ಅನ್ನುವುದು ಎಲ್ಲಿ ಬಿದ್ದುಹೋಯಿತೋ ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಅವಳು ಹಸುವಿನ ಬೆಚ್ಚನೆಯ ಹೊಟ್ಟೆಗೆ ಹಣೆ ಒತ್ತಿ ನಗು ಅಡಗಿಸಿಕೊಂಡು ಮತ್ತೆ ಕರೆಯತೊಡಗಿದಳು.

"ಹೊತ್ತಾಯ್ತು ಕಣ್ರವ್ವಾ!" ಒಳಗಿನಿಂದ ಅಣ್ಣಮ್ಮ ಕೂಗಿದಳು. "ಲಾರಿ ಇವತ್ತೂ ತಪ್ಪಿದ್ರೆ ಇನ್ನೊಂದು ವಾರ ಹಾಕ್ತೀನಿ!"

"ಹಾಕ್ಲಿ ಬಿಡಿ," ಅಂದ ಮೌನೇಶ ಮೆಲ್ಲಗೆ.

ಕ್ಯಾನು ತುಂಬಿತು. ಅವನು ಎತ್ತಲು ಬಗ್ಗಿದ; ಅವಳು ಒಂದು ಕಡೆಯ ಹಿಡಿ ಬಿಡಲಿಲ್ಲ. ಊರ ಬೀದಿ ಅಷ್ಟರಲ್ಲಿ ಎಚ್ಚೆತ್ತಿತ್ತು. ಅಂಗಳ ಸಾರಿಸುತ್ತಿದ್ದವರು ಪೊರಕೆ ನಿಲ್ಲಿಸಿ ನೋಡಿದರು, ನಲ್ಲಿಯ ಹತ್ತಿರದವರು ಕೊಡ ತುಂಬಿ ಹರಿದರೂ ನೋಡಿದರು. ಇಬ್ಬರ ನಡುವೆ ಹಾಲಿನ ಭಾರ ಮೆಲ್ಲಗೆ ತೂಗುತ್ತಿತ್ತು. ಅವಳು ಎಡಕ್ಕೆ ವಾಲಿದರೆ ಅವನು ತಡೆಯುವನು, ಅವನು ಅವಸರ ಮಾಡಿದರೆ ಅವಳು ಹಿಡಿಯುವಳು. ಒಂದು ತೊಟ್ಟೂ ಚೆಲ್ಲಲಿಲ್ಲ. ದೇವಸ್ಥಾನದ ಮುಂದೆ ಹೋಗುವಾಗ ಕೈ ಮುಗಿಯಲು ಇಬ್ಬರಿಗೂ ಒಂದೊಂದೇ ಕೈ ಖಾಲಿಯಿತ್ತು. ಅದನ್ನೇ ಎದೆಗೆ ಮುಟ್ಟಿಸಿಕೊಂಡು ಮುಂದೆ ನಡೆದರು.